ಒಂದೇ ಸಲ ಅಂದಿದ್ದೆ

ಸರ್ಕಾರದ ಗುಟ್ಟಿನ ಕೆಲಸ ಮಾಡಲು ನನಗಿದ್ದ ಒಪ್ಪಿಗೆ, ಅಂದರೆ ಕ್ಲಿಯರೆನ್ಸ್, ಹೋಗಿದ್ದು ಒಂದು ಪೆನ್‌ಡ್ರೈವ್‌ನಿಂದ ಅಂತ ಇಲ್ಲಿನ ನಮ್ಮವರೆಲ್ಲ ತಿಳಿದುಕೊಂಡಿದ್ದಾರೆ. ಬಹಳ ದಿನ ನಾನೂ ಹಾಗೇ ತಿಳಿದುಕೊಂಡಿದ್ದೆ. ಯಾರಾದರೂ ಕೇಳಿದರೆ ಅಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಈಚೆಗೆ ಇಂಥ ಕೆಲಸಕ್ಕೆ ಸೇರುವ ಹುಡುಗರು ಫೋನ್ ಮಾಡುತ್ತಾರೆ. "ಅಣ್ಣ, ಆ ಫಾರಂ ತುಂಬೋದು ಹೇಗೆ, ಏನೇನು ಬರೀಬೇಕು?" ಅಂತ ಕೇಳುತ್ತಾರೆ. ಅವರಿಗೆ ಅರ್ಧ ಕಥೆ ಹೇಳಿ ಕಳಿಸಲು ಮನಸ್ಸು ಒಪ್ಪುತ್ತಿಲ್ಲ. ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ. ಈ ಊರಿಗೆ ರಾಕೆಟ್ ಸಿಟಿ ಅಂತಲೇ ಹೆಸರು. ಹೆದ್ದಾರಿಯಲ್ಲಿ ಬರುವಾಗ ನೆಟ್ಟಗೆ ನಿಲ್ಲಿಸಿರುವ ಸ್ಯಾಟರ್ನ್ 5 ರಾಕೆಟ್ಟಿನ ಮಾದರಿ ದೂರದಿಂದಲೇ ಕಾಣುತ್ತದೆ. ಪಕ್ಕದಲ್ಲೇ ರೆಡ್‌ಸ್ಟೋನ್ ಆರ್ಸೆನಲ್ ಅನ್ನುವ ಸೇನಾ ನೆಲೆ, ಅದರೊಳಗೆ ನಾಸಾದ ಮಾರ್ಷಲ್ ಕೇಂದ್ರ. ಇವನ್ನು ನಂಬಿಕೊಂಡು ಸುತ್ತಮುತ್ತ ನೂರಾರು ಕಂಪನಿಗಳು. ನಮ್ಮಂಥ ಎಂಜಿನಿಯರುಗಳಿಗೆ ಇಲ್ಲಿ ಕೆಲಸಕ್ಕೆ ಬರವಿಲ್ಲ. ಆದರೆ ಮುಕ್ಕಾಲು ಪಾಲು ಜಾಹೀರಾತಿನ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು.

ಕ್ಲಿಯರೆನ್ಸ್ ಅಂದರೆ ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಇವನನ್ನು ನಂಬಬಹುದು ಅನ್ನುವ ಒಪ್ಪಿಗೆ. ಅಮೆರಿಕದ ಪ್ರಜೆ ಆಗಿರಬೇಕು. ನಾವಾಗಿ ಅರ್ಜಿ ಹಾಕಿಕೊಳ್ಳಲು ಬರುವುದಿಲ್ಲ, ಕಂಪನಿಯೇ ನಮ್ಮ ಹೆಸರು ಕಳಿಸಬೇಕು. ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಅಂತ ಮೂರು ಮೆಟ್ಟಿಲು. ನನ್ನದು ನಡುವಿನದು. 2013ರಲ್ಲಿ ಪ್ರಜೆಯಾದೆ, 2015ರಲ್ಲಿ ಸೀಕ್ರೆಟ್ ಸಿಕ್ಕಿತು.

ಅದಕ್ಕೆ ತುಂಬುವ ಫಾರಂಗೆ ಎಸ್‌ಎಫ್-86 ಅಂತ ಹೆಸರು. ನೂರಕ್ಕೂ ಜಾಸ್ತಿ ಪುಟ. ಎಲ್ಲೆಲ್ಲಿ ವಾಸ ಮಾಡಿದ್ದೆ, ಯಾರ ಜೊತೆ ಕೆಲಸ ಮಾಡಿದ್ದೆ, ಎಷ್ಟು ಸಾಲ ಇದೆ, ಯಾವ ದೇಶಕ್ಕೆ ಯಾವಾಗ ಹೋಗಿದ್ದೆ, ಎಲ್ಲ ಬರೆಯಬೇಕು. ನನಗಿದ್ದ ಭಯ ಅರಸೀಕೆರೆಯದ್ದು. ಅಪ್ಪ, ಅಮ್ಮ, ಅಕ್ಕ ಅಲ್ಲೇ ಇದ್ದಾರೆ. ಅಪ್ಪನ ಹೆಸರಲ್ಲಿ ಒಂದು ಮನೆ, ಊರಾಚೆ ಎರಡು ಎಕರೆ ತೆಂಗಿನ ತೋಟ. ಪ್ರತಿ ಭಾನುವಾರ ಫೋನ್. ಇದನ್ನೆಲ್ಲ ನೋಡಿ ಬೇಡ ಅನ್ನುತ್ತಾರೇನೋ ಅಂತ ಅಂಜುತ್ತಾ ಒಂದೊಂದನ್ನೂ ಬರೆದಿದ್ದೆ. ತೋಟದಲ್ಲಿ ನನಗೆ ಬರಬಹುದಾದ ಪಾಲಿನ ಬೆಲೆ ಎಷ್ಟು ಅನ್ನುವುದನ್ನೂ ಅಕ್ಕನಿಗೆ ಫೋನ್ ಮಾಡಿ ಕೇಳಿ ಬರೆದೆ. ತನಿಖಾಧಿಕಾರಿ ಬಂದು ಎರಡು ಗಂಟೆ ಮಾತಾಡಿದರು. ಭಾರತದ ಬಗ್ಗೆ ತುಂಬಾ ಕೇಳಿದರು, ಬರೆದುಕೊಂಡರು, ಹೋದರು. ಕ್ಲಿಯರೆನ್ಸ್ ಬಂತು. ಬಚ್ಚಿಡದೆ ಬರೆದಿದ್ದೆ, ಅದಕ್ಕೇ ಏನೂ ಆಗಲಿಲ್ಲ. ಮೂರು ವರ್ಷ ಆದ ಮೇಲೆ ನಾನು ಇದನ್ನು ನೆನಪಿಟ್ಟುಕೊಂಡಿರಬೇಕಿತ್ತು.

2018ರ ಬೇಸಿಗೆಯಲ್ಲಿ ಮಗ ಹುಟ್ಟಿದ. ಹೆಂಡತಿಗೆ ಆಪರೇಷನ್ ಆಗಿತ್ತು. ಊರಿಂದ ಬಂದಿದ್ದ ಅತ್ತೆ ಆಗಸ್ಟಿನಲ್ಲಿ ವಾಪಸ್ ಹೋದರು. ಅದೇ ಹೊತ್ತಿಗೆ ಆಫೀಸಿನಲ್ಲಿ ಒಂದು ಪರೀಕ್ಷೆಯ ಗಡುವು. ನಾನು ಟೆಸ್ಟ್ ಎಂಜಿನಿಯರ್. ಸಿಮ್ಯುಲೇಷನ್ ನಡೆಸುವ ಸ್ಕ್ರಿಪ್ಟ್‌ಗಳನ್ನು ಬರೆಯುವುದು, ಬಂದ ಫಲಿತಾಂಶ ಜೋಡಿಸುವುದು ನನ್ನ ಕೆಲಸ. ಇದರಲ್ಲಿ ಒಂದು ಭಾಗ ಗುಟ್ಟಿನ ಕೋಣೆಯೊಳಗೆ ನಡೆಯುತ್ತಿತ್ತು. ಅಲ್ಲಿಗೆ ಫೋನು ಕೂಡ ಒಯ್ಯುವಂತಿಲ್ಲ, ಬಾಗಿಲ ಹೊರಗಿನ ಪುಟ್ಟ ಲಾಕರ್‌ನಲ್ಲಿ ಇಟ್ಟು ಹೋಗಬೇಕು. ಆ ಕೋಣೆಯ ಒಂದು ಹಾಳೆಯನ್ನೂ ನಾನು ಯಾವತ್ತೂ ಹೊರಗೆ ತಂದವನಲ್ಲ. ಇನ್ನೊಂದು ಭಾಗ ಕಂಪನಿಯ ಮಾಮೂಲಿ ನೆಟ್‌ವರ್ಕ್‌ನಲ್ಲಿ ನಡೆಯುತ್ತಿತ್ತು. ಆ ಫೈಲುಗಳು ಗುಟ್ಟಿನವಲ್ಲ. ಆದರೆ ಕೆಲವುಗಳ ಮೇಲೆ ರಫ್ತು ನಿಯಂತ್ರಣದ ಎಚ್ಚರಿಕೆ ಇತ್ತು. ಅಂದರೆ ಅಪ್ಪಣೆ ಇಲ್ಲದೆ ದೇಶ ಬಿಟ್ಟು ಹೋಗುವಂತಿಲ್ಲ, ವಿದೇಶದವರಿಗೆ ತೋರಿಸುವಂತಿಲ್ಲ.

ರಾತ್ರಿ ಮಗು ಮಲಗಿದ ಮೇಲೆ ಮನೆಯಿಂದ ಕೆಲಸ ಮಾಡಬೇಕು ಅಂತ ಕೂರುತ್ತಿದ್ದೆ. ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ಜೋಡಿಸುವ ವಿಪಿಎನ್ ಆಮೆಯ ಹಾಗೆ ತೆವಳುತ್ತಿತ್ತು. ಒಂದು ಲಾಗ್ ಫೈಲ್ ತೆರೆಯುವಷ್ಟರಲ್ಲಿ ಮಗು ಎದ್ದಿರುತ್ತಿತ್ತು. ಕಂಪನಿಯ ಕಂಪ್ಯೂಟರುಗಳಲ್ಲಿ ಯುಎಸ್‌ಬಿ ಕಿಂಡಿಗಳನ್ನು ಬಂದ್ ಮಾಡಿಟ್ಟಿದ್ದರು. ಆದರೆ ನಮ್ಮ ಲ್ಯಾಬಿನ ಯಂತ್ರಗಳಿಗೆ ನಾನೇ ಅಡ್ಮಿನ್. ಉಪಕರಣಗಳ ಸಲುವಾಗಿ ಕೆಲವು ಖಾತೆಗಳಿಗೆ ಆ ನಿರ್ಬಂಧದಿಂದ ವಿನಾಯಿತಿ ಕೊಡುವ ಒಂದು ಪಟ್ಟಿ ಇತ್ತು. ಒಂದು ಶನಿವಾರ ನನ್ನ ಖಾತೆಯನ್ನೂ ಆ ಪಟ್ಟಿಗೆ ಸೇರಿಸಿಕೊಂಡೆ. ಎರಡೇ ನಿಮಿಷದ ಕೆಲಸ. ಜೇಬಿನಲ್ಲಿದ್ದ 64 ಜಿಬಿ ಪೆನ್‌ಡ್ರೈವ್ ಚುಚ್ಚಿದೆ, ಬೇಕಾದ ಫೋಲ್ಡರ್ ಎಳೆದುಕೊಂಡೆ, ಮನೆಗೆ ಬಂದೆ.

ತಪ್ಪು ಅಂತ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಪ್ರತಿ ವರ್ಷ ಅದರ ತರಬೇತಿ ಇರುತ್ತದೆ, ಕೊನೆಯಲ್ಲಿ ಪ್ರಶ್ನೆಗಳೂ ಇರುತ್ತವೆ. 2008ರಲ್ಲಿ ಮಧ್ಯಪ್ರಾಚ್ಯದ ಒಂದು ನೆಲೆಯಲ್ಲಿ ಯಾರೋ ಚುಚ್ಚಿದ ಒಂದು ಫ್ಲ್ಯಾಶ್ ಡ್ರೈವ್‌ನಿಂದ ಅಮೆರಿಕದ ಸೇನೆಯ ಕಂಪ್ಯೂಟರುಗಳಿಗೆ ವೈರಸ್ ಹರಡಿತ್ತು, ಅದೇ ವರ್ಷ ನವೆಂಬರಿನಲ್ಲಿ ಇಡೀ ರಕ್ಷಣಾ ಇಲಾಖೆ ಇಂಥ ಡ್ರೈವ್‌ಗಳನ್ನೇ ನಿಷೇಧಿಸಿತ್ತು. ಹೊಸದಾಗಿ ಸೇರಿದವರಿಗೆ ಈ ಕಥೆಯನ್ನು ಹೇಳುತ್ತಿದ್ದವನು ನಾನೇ. ಹಾಗಿದ್ದೂ ಮಾಡಿದೆ. ಕಂಪನಿಯ ಕೆಲಸಕ್ಕೇ ತಾನೇ, ನನ್ನ ಸ್ವಂತಕ್ಕಲ್ಲವಲ್ಲ, ಅಂದುಕೊಂಡೆ. ನಮ್ಮ ಕಡೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡು ಕೆಲಸ ಮುಗಿಸುವವನನ್ನು ಜಾಣ ಅನ್ನುತ್ತಾರೆ. ನನಗೂ ಆ ಹೆಮ್ಮೆ ಇತ್ತು. ಮುಂದಿನ ಶನಿವಾರ ಮತ್ತೆ ಚುಚ್ಚಿದೆ. ಆಮೇಲೆ ಅದು ಅಭ್ಯಾಸವಾಯಿತು.

ಡಿಸೆಂಬರ್ 14ಕ್ಕೆ ನಾವು ಮೂವರೂ ಊರಿಗೆ ಹೊರಡಬೇಕಿತ್ತು. 13ರ ರಾತ್ರಿ ಸೂಟ್‌ಕೇಸ್ ತುಂಬುತ್ತಿದ್ದೆವು. ಮೊಮ್ಮಗನ ಫೋಟೋಗಳನ್ನೆಲ್ಲ ಒಂದು ಡ್ರೈವ್‌ಗೆ ಹಾಕಿಕೊಂಡು ಬಾ, ಟಿವಿಗೆ ಹಾಕಿ ನೋಡೋಣ ಅಂತ ಅಪ್ಪ ಹೇಳಿದ್ದರು. ಹೆಂಡತಿ ಹಾಕಿ ಇಟ್ಟಿದ್ದಳು. ಡ್ರೈವನ್ನು ಒಂದು ಪುಟ್ಟ ಜಿಪ್ ಚೀಲದಲ್ಲಿ ಇಟ್ಟು, ಅಮ್ಮನಿಗೆ ತಂದಿದ್ದ ಸ್ವೆಟರ್ ಮಡಿಕೆಯೊಳಗೆ ಸೇರಿಸಿದ್ದಳು. ತೂಕ ನೋಡಲು ಸೂಟ್‌ಕೇಸ್ ಎತ್ತುವಾಗ ಸ್ವೆಟರ್ ಜಾರಿತು. ಚೀಲ ಕಣ್ಣಿಗೆ ಬಿತ್ತು. ಕಪ್ಪು ಡ್ರೈವ್, ತುದಿಯಲ್ಲಿ ನಾನೇ ಕಟ್ಟಿದ್ದ ಕೆಂಪು ದಾರ.

ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಮಗುವಿನ ಫೋಟೋಗಳ ಕೆಳಗೆ ನನ್ನ ಟೆಸ್ಟ್ ಫೋಲ್ಡರ್ ಹಾಗೇ ಕೂತಿತ್ತು. ಮೈಯೆಲ್ಲ ಬೆವರಿತು. ಇನ್ನು ಹತ್ತು ಗಂಟೆ ಕಳೆದಿದ್ದರೆ ಅದು ದೇಶ ಬಿಡುತ್ತಿತ್ತು. ಆಮೇಲೆ ಅದು ಕ್ಲಿಯರೆನ್ಸ್ ಮಾತಾಗಿ ಉಳಿಯುತ್ತಿರಲಿಲ್ಲ, ಜೈಲಿನ ಮಾತಾಗಬಹುದಿತ್ತು. ಫೋಲ್ಡರ್ ಅಳಿಸಿದೆ. ಫೋಟೋಗಳನ್ನು ಬೇರೆ ಹೊಸ ಡ್ರೈವ್‌ಗೆ ಹಾಕಿದೆ. ಹಳೆಯದನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. "ಏನಾಯ್ತು ರೀ?" ಅಂದಳು. "ಏನಿಲ್ಲ, ಜಾಗ ಸಾಲ್ತಾ ಇರಲಿಲ್ಲ" ಅಂದೆ.

ಆ ರಾತ್ರಿ ಮಾಡಬೇಕಾಗಿದ್ದು ಒಂದು ಫೋನ್. ನಮ್ಮ ಕಂಪನಿಯಲ್ಲಿ ಭದ್ರತೆ ನೋಡಿಕೊಳ್ಳುವ ಅಧಿಕಾರಿ ಇದ್ದರು, ಎಫ್‌ಎಸ್‌ಒ ಅನ್ನುತ್ತಾರೆ. ಅರವತ್ತರ ಹತ್ತಿರದ ಹೆಂಗಸು. ಅವರ ನಂಬರ್ ನನ್ನ ಬ್ಯಾಡ್ಜಿನ ಹಿಂದೆಯೇ ಇತ್ತು, ಯಾವ ಹೊತ್ತಿನಲ್ಲಾದರೂ ಮಾಡಿ ಅಂತ ಬರೆದಿತ್ತು. ಬ್ಯಾಡ್ಜ್ ಅಡುಗೆಮನೆಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಅದನ್ನು ನೋಡಿದ್ದೂ ನೆನಪಿದೆ. ಪ್ರಯಾಣ ನಿಂತು ಹೋದರೆ ಅಂತ ಹೆದರಿದೆ. ಅಪ್ಪ ಮೊಮ್ಮಗನನ್ನು ಇನ್ನೂ ನೋಡಿರಲಿಲ್ಲ. ಬಂದ ಮೇಲೆ ಹೇಳೋಣ ಅಂದುಕೊಂಡೆ. ಊರಿಗೆ ಹೋದೆವು, ನಾಮಕರಣದ ಊಟ ಹಾಕಿಸಿದೆವು, ಜನವರಿ 6ಕ್ಕೆ ವಾಪಸ್ ಬಂದೆವು. ಹೇಳಲಿಲ್ಲ.

ಜನವರಿ 9, 2019, ಬುಧವಾರ. ಎಫ್‌ಎಸ್‌ಒ ಕರೆದರು. ಅವರ ಪಕ್ಕದಲ್ಲಿ ಐಟಿಯವನೊಬ್ಬ ಇದ್ದ. ಮುಂದೆ ಒಂದು ಹಾಳೆ, ಬೋರಲು ಹಾಕಿತ್ತು.

"ಲ್ಯಾಬಿನ ಕಂಪ್ಯೂಟರಿಗೆ ನಿಮ್ಮ ಸ್ವಂತ ಡ್ರೈವ್ ಏನಾದರೂ ಹಾಕಿದ್ದಿರಾ?"

"ಹಾಕಿದ್ದೆ."

"ಎಷ್ಟು ಸಲ?"

"ಒಂದೇ ಸಲ."

ಅವರು ಹಾಳೆ ತಿರುಗಿಸಿ ನನ್ನ ಕಡೆ ತಳ್ಳಿದರು. ಹನ್ನೊಂದು ಸಾಲು. ಪ್ರತಿ ಸಾಲಿನಲ್ಲೂ ತಾರೀಖು, ಗಂಟೆ, ನಿಮಿಷ, ನನ್ನ ಖಾತೆಯ ಹೆಸರು, ಡ್ರೈವಿನ ಸೀರಿಯಲ್ ನಂಬರ್. ಮೊದಲ ಸಾಲು ಸೆಪ್ಟೆಂಬರ್ 15. ಕೊನೆಯ ಸಾಲು ಡಿಸೆಂಬರ್ 8. ಎಲ್ಲದರಲ್ಲೂ ಅದೇ ಸೀರಿಯಲ್ ನಂಬರ್. ಕಂಪ್ಯೂಟರಿಗೆ ಏನು ಚುಚ್ಚಿದರೂ ಅದು ಬರೆದಿಟ್ಟುಕೊಳ್ಳುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ಲಾಗ್ ಓದುವುದು ನನ್ನ ಕೆಲಸದಲ್ಲೇ ಒಂದು. ಹಾಗಿದ್ದೂ ಆ ಮಾತು ಬಾಯಿಂದ ಬಂತು. ಯೋಚಿಸಿ ಆಡಿದ್ದಲ್ಲ. ಅದೇ ನನ್ನನ್ನು ಇವತ್ತಿಗೂ ಹೆಚ್ಚು ಕಾಡುವುದು. ಯೋಚನೆ ಮಾಡದಿದ್ದಾಗ ಬಾಯಿಗೆ ಬಂದಿದ್ದು ಸುಳ್ಳು.

ಆಮೇಲೆ ಎಲ್ಲ ಒಪ್ಪಿಕೊಂಡೆ. ಡ್ರೈವ್ ತಂದು ಕೊಟ್ಟೆ, ಮನೆಯ ಲ್ಯಾಪ್‌ಟಾಪನ್ನೂ ಪರೀಕ್ಷೆಗೆ ಕೊಟ್ಟೆ. ಫೈಲುಗಳು ಬೇರೆಲ್ಲಿಗೂ ಹೋಗಿಲ್ಲ ಅಂತ ಅವರಿಗೆ ಖಾತ್ರಿಯಾಯಿತು. ಆದರೂ ಫೆಬ್ರವರಿಯಲ್ಲಿ ಕೆಲಸ ಹೋಯಿತು. ಕಂಪನಿಯವರು ನಿಯಮದಂತೆ ಸರ್ಕಾರಕ್ಕೆ ಘಟನೆಯ ವರದಿ ಕಳಿಸಿದರು. ಆ ಅಧಿಕಾರಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಪೆಟ್ಟಿಗೆ ಹಿಡಿದು ಹೊರಡುವಾಗ ಬಾಗಿಲ ತನಕ ಬಂದರು. "ಡಿಸೆಂಬರಿನಲ್ಲೇ ನೀವು ನನಗೆ ಫೋನ್ ಮಾಡಿದ್ದರೆ ನಾನು ಬೇರೆ ಥರದ ವರದಿ ಬರೆಯುತ್ತಿದ್ದೆ" ಅಂದರು. ಡಿಸೆಂಬರಿನ ಆ ರಾತ್ರಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಸುಮ್ಮನೆ ಲೆಕ್ಕಕ್ಕೆ ಅಂದಿದ್ದು. ನನಗೆ ಮಾತ್ರ ಕಾಲು ಕೆಳಗಿನ ನೆಲ ಕುಸಿದ ಹಾಗಾಯಿತು.

ಅಪ್ಪನಿಗೆ ಹೇಳಲು ಒಂದು ತಿಂಗಳು ಬೇಕಾಯಿತು. ಅವರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕ್ಯಾಶಿಯರ್ ಆಗಿದ್ದವರು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಾಸಿಗೆ ಸಂಬಂಧವೇ ಇಲ್ಲದ ನನ್ನ ಕಥೆಗೆ ಕ್ಯಾಶ್ ಕೌಂಟರಿನ ಕಥೆ ಹೇಳಿದರು. ಒಂದು ಸಂತೆ ದಿನ ಸಂಜೆ ಲೆಕ್ಕದಲ್ಲಿ ಎರಡು ಸಾವಿರ ಕಡಿಮೆ ಬಂತಂತೆ. ಆಗಿನ ಕಾಲಕ್ಕೆ ಅವರ ಅರ್ಧ ತಿಂಗಳ ಸಂಬಳ. ಯಾರಿಗೋ ಜಾಸ್ತಿ ಎಣಿಸಿಕೊಟ್ಟಿದ್ದಾರೆ, ಬೆಳಿಗ್ಗೆ ಅವನೇ ತಂದು ಕೊಡಬಹುದು, ಅಲ್ಲಿ ತನಕ ಯಾರಿಗೂ ಹೇಳಬೇಡಿ ಅಂತ ಜೊತೆಯವರು ಹೇಳಿದರಂತೆ. ಅಪ್ಪ ಆಗಲೇ ಮ್ಯಾನೇಜರ್ ಹತ್ತಿರ ಹೋಗಿ ರಿಜಿಸ್ಟರಿನಲ್ಲಿ ಬರೆಸಿದರಂತೆ. "ದುಡ್ಡು ಸಿಗಲಿಲ್ಲ ಕಣೋ, ಕೈಯಿಂದಲೇ ಕಟ್ಟಿದೆ. ಆದರೆ ಮಾರನೆ ದಿನ ಇನ್‌ಸ್ಪೆಕ್ಷನ್ ಬಂತು" ಅಂದರು. ಅಷ್ಟೇ ಹೇಳಿ, ಮಗು ಏನು ಮಾಡುತ್ತಿದೆ ಅಂತ ಕೇಳಿದರು.

ಅದೇ ವರ್ಷ ಬೇಸಿಗೆಯಲ್ಲಿ ಇನ್ನೊಂದು ಕಂಪನಿ ಕೆಲಸ ಕೊಟ್ಟಿತು. ನಡೆದಿದ್ದೆಲ್ಲ ಇಂಟರ್‌ವ್ಯೂನಲ್ಲೇ ಹೇಳಿದೆ. ಕ್ಲಿಯರೆನ್ಸ್ ಬೇಡದ ಕೆಲಸಕ್ಕೆ ಹಾಕಿಕೊಂಡು, ನನ್ನ ಹೆಸರನ್ನು ಮುಂದಕ್ಕೂ ಕಳಿಸಿದರು. ಇದು ಮುಖ್ಯ. ಬೆನ್ನಿಗೆ ಕಂಪನಿ ಇಲ್ಲದಿದ್ದರೆ ಕೇಸೇ ಮುಂದೆ ಸಾಗುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ. ತನಿಖಾಧಿಕಾರಿ ಮತ್ತೆ ಬಂದರು. ಈ ಸಲ ಹನ್ನೊಂದು ಸಲ ಅಂತಲೇ ಹೇಳಿದೆ. ಆಮೇಲೆ ಸದ್ದಿಲ್ಲ. ಒಂದು ವರ್ಷ ಕಾದೆವು.

2020ರ ಸೆಪ್ಟೆಂಬರಿನಲ್ಲಿ ಬಂದ ಕಾಗದಕ್ಕೆ ಸ್ಟೇಟ್‌ಮೆಂಟ್ ಆಫ್ ರೀಸನ್ಸ್ ಅಂತ ಹೆಸರು. ನಿಮಗೆ ಕ್ಲಿಯರೆನ್ಸ್ ಯಾಕೆ ಕೊಡಬಾರದು ಅನ್ನುವ ಕಾರಣಗಳ ಪಟ್ಟಿ. 2017ರ ಜೂನ್ 8ರಿಂದ ಜಾರಿಯಲ್ಲಿರುವ ನಿಯಮಗಳಲ್ಲಿ ಎ ಇಂದ ಎಂ ತನಕ 13 ಮಾರ್ಗಸೂಚಿಗಳಿವೆ. ವಿದೇಶದ ನಂಟು, ಸಾಲ, ಕುಡಿತ, ಮಾದಕ ವಸ್ತು, ಹೀಗೆ ಒಂದೊಂದಕ್ಕೂ ಒಂದು ಅಕ್ಷರ. ಅರಸೀಕೆರೆ ಬರುವುದು ಬಿ ಕೆಳಗೆ. ನನ್ನ ಕಾಗದದಲ್ಲಿ ಬಿ ಇರಲೇ ಇಲ್ಲ. ಇದ್ದಿದ್ದು ಎರಡು. ಎಂ, ಅಂದರೆ ಕಂಪ್ಯೂಟರ್ ವ್ಯವಸ್ಥೆಯ ದುರ್ಬಳಕೆ. ಇ, ಅಂದರೆ ನಡತೆ.

ಎಂ ಕೆಳಗೆ ಮೂರು ಆರೋಪ. 1.ಎ, ಅಡ್ಮಿನ್ ಅಧಿಕಾರ ಬಳಸಿ ತನಗೆ ತಾನೇ ವಿನಾಯಿತಿ ಕೊಟ್ಟುಕೊಂಡಿದ್ದು. 1.ಬಿ, ಹನ್ನೊಂದು ಸಲ ನಿಷೇಧಿತ ಡ್ರೈವ್ ಹಾಕಿ ಫೈಲು ತೆಗೆದುಕೊಂಡಿದ್ದು. 1.ಸಿ, ಅಪ್ಪಣೆ ಇಲ್ಲದೆ ಲ್ಯಾಬಿನ ಯಂತ್ರದಲ್ಲಿ ಒಂದು ಫೈಲ್ ಹೋಲಿಸುವ ಉಚಿತ ಸಾಫ್ಟ್‌ವೇರ್ ಹಾಕಿದ್ದು. ಇದು ನನಗೆ ಮರೆತೇ ಹೋಗಿತ್ತು. ಇ ಕೆಳಗೆ ಒಂದೇ, 2.ಎ: 2019ರ ಜನವರಿ 9ರಂದು ಭದ್ರತಾ ಅಧಿಕಾರಿಗೆ ಒಂದೇ ಸಲ ಅಂತ ಸುಳ್ಳು ಹೇಳಿದ್ದು. ನಾಲ್ಕು ಅಕ್ಷರದ ಮಾತಿಗೆ ಒಂದು ಇಡೀ ಪ್ಯಾರಾ.

ಉತ್ತರಕ್ಕೆ 20 ದಿನ. ಪ್ರತಿ ಆರೋಪದ ಮುಂದೆ ಒಪ್ಪುತ್ತೇನೆ ಅಥವಾ ಒಪ್ಪುವುದಿಲ್ಲ ಅಂತ ಬರೆಯಬೇಕು. ವಿಚಾರಣೆ ಬೇಕೋ, ಕಾಗದದ ಮೇಲೇ ತೀರ್ಮಾನ ಸಾಕೋ, ಅದನ್ನೂ ಹೇಳಬೇಕು. ಒಬ್ಬ ವಕೀಲರನ್ನು ಹಿಡಿದೆ. ಕಾರಿಗೆ ಅಂತ ಕೂಡಿಟ್ಟ ದುಡ್ಡು ಅಲ್ಲಿಗೆ ಹೋಯಿತು. ಅವರು ಮೊದಲೇ ಕಹಿ ಮಾತು ಹೇಳಿದರು. ಇದು ಕ್ರಿಮಿನಲ್ ಕೋರ್ಟ್ ಅಲ್ಲ. ಅಲ್ಲಿ ಅನುಮಾನ ಉಳಿದರೆ ಆರೋಪಿಗೆ ಲಾಭ, ಇಲ್ಲಿ ಅನುಮಾನ ಉಳಿದರೆ ದೇಶಕ್ಕೆ ಲಾಭ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನೌಕಾಪಡೆಗೂ ಈಗನ್ ಅನ್ನುವ ಒಬ್ಬ ಕಾರ್ಮಿಕನಿಗೂ ನಡೆದ ಕೇಸು ಅದು. ಆರೋಪ ಒಪ್ಪಿಕೊಂಡ ಮೇಲೆ, ಇನ್ನು ನನ್ನನ್ನು ನಂಬಬಹುದು ಅಂತ ತೋರಿಸುವ ಭಾರವೆಲ್ಲ ನನ್ನ ಮೇಲೇ.

ನಾಲ್ಕಕ್ಕೂ "ಒಪ್ಪುತ್ತೇನೆ" ಅಂತ ಬರೆದೆ. ವಿಚಾರಣೆ ಕೇಳಿದೆ.

ಈ ಕೇಸುಗಳನ್ನು ನಡೆಸುವ ಕಚೇರಿ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿದೆ, ಡೋಹಾ ಅನ್ನುತ್ತಾರೆ. ಅದರ ತೀರ್ಪುಗಳನ್ನು ಹೆಸರು ತೆಗೆದು ಇಂಟರ್‌ನೆಟ್‌ನಲ್ಲಿ ಹಾಕುತ್ತಾರೆ, ಯಾರು ಬೇಕಾದರೂ ಓದಬಹುದು. ಆ ಚಳಿಗಾಲ ರಾತ್ರಿಯೆಲ್ಲ ಅವನ್ನೇ ಓದಿದೆ. ಎಂ ಮಾರ್ಗಸೂಚಿಯಲ್ಲಿ ರಿಯಾಯಿತಿಗೂ ದಾರಿಗಳಿವೆ. ಘಟನೆ ನಡೆದು ಬಹಳ ಕಾಲ ಆಗಿದ್ದರೆ. ತಪ್ಪು ಸಣ್ಣದಾಗಿದ್ದು, ಸಂಸ್ಥೆಯ ಕೆಲಸ ಚೆನ್ನಾಗಿ ಆಗಲಿ ಅನ್ನುವ ಒಂದೇ ಉದ್ದೇಶದಿಂದ ಮಾಡಿದ್ದರೆ. ಗೊತ್ತಿಲ್ಲದೆ ಆಗಿ, ಕೂಡಲೇ ಸರಿಪಡಿಸಿ ಸಂಬಂಧಪಟ್ಟವರಿಗೆ ತಿಳಿಸಿದ್ದರೆ. ಸರಿಯಾದ ತರಬೇತಿ ಕೊಟ್ಟಿರದಿದ್ದರೆ. ನಾನು ಎರಡನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಂಪನಿಯ ಕೆಲಸಕ್ಕೇ ಮಾಡಿದ್ದು ಅಲ್ವಾ? ಆದರೆ ಓದುತ್ತಾ ಹೋದ ಹಾಗೆ ಇನ್ನೊಂದು ಕಣ್ಣಿಗೆ ಬಿತ್ತು. ಪೆನ್‌ಡ್ರೈವ್ ಹಾಕಿದವರು, ಬೇಡದ ಸಾಫ್ಟ್‌ವೇರ್ ಹಾಕಿದವರು, ಬೇರೆಯವರ ಪಾಸ್‌ವರ್ಡ್ ಬಳಸಿದವರು, ಇವರಲ್ಲಿ ಉಳಿದುಕೊಂಡವರೂ ಇದ್ದರು. ಅಂಥವರ ಕಥೆಗಳಲ್ಲಿ ಬಹುಪಾಲು ಒಂದು ವಾಕ್ಯ ಇರುತ್ತಿತ್ತು: ತಾನಾಗಿಯೇ ಹೋಗಿ ಹೇಳಿದ. ಇ ಮಾರ್ಗಸೂಚಿಯಲ್ಲೂ ಅದೇ. ಸುಳ್ಳು ಹೇಳಿದ್ದರೂ, ದಾಖಲೆ ಎದುರಿಗೆ ಇಡುವ ಮುಂಚೆ ತಾನಾಗಿ ತಿದ್ದಿಕೊಂಡಿದ್ದರೆ ರಿಯಾಯಿತಿ ಉಂಟು. ನಾನು ತಿದ್ದಿಕೊಂಡಿದ್ದು ಹಾಳೆ ತಿರುಗಿದ ಮೇಲೆ.

ಡಿಸೆಂಬರ್ 13ರ ರಾತ್ರಿಯ ವಿಷಯ ಸರ್ಕಾರದ ಕಾಗದದಲ್ಲಿ ಎಲ್ಲೂ ಇರಲಿಲ್ಲ. ವಕೀಲರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆರೋಪದಲ್ಲಿ ಇಲ್ಲದ ವಿಷಯದ ಮೇಲೆ ಕ್ಲಿಯರೆನ್ಸ್ ಕಿತ್ತುಕೊಳ್ಳುವಂತಿಲ್ಲ, ಆದರೆ ನನ್ನ ಮಾತನ್ನು ಎಷ್ಟು ನಂಬಬಹುದು ಅಂತ ತೂಗುವಾಗ ಜಡ್ಜ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅಂದರು. ಹೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು, ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ ಅಂದರು. ಹೆಂಡತಿಗೂ ಅವತ್ತೇ ಮೊದಲ ಸಲ ಹೇಳಿದ್ದು. ಎರಡು ವರ್ಷದ ಮೇಲೆ. "ಜಾಗ ಸಾಲ್ತಾ ಇರಲಿಲ್ಲ ಅಂದ್ರಲ್ಲ" ಅಂದಳು. ಒಳಗೆ ಹೋಗಿ ಮಲಗಿಬಿಟ್ಟಳು. ಕೆಲಸ ಹೋದಾಗಲೂ ನನ್ನ ಜೊತೆ ನಿಂತವಳು ಆ ರಾತ್ರಿ ಮಾತಾಡಲಿಲ್ಲ.

2021ರ ಜೂನಿನಲ್ಲಿ ವಿಚಾರಣೆ. ಕೋವಿಡ್ ಕಾಲ, ವಿಡಿಯೋದಲ್ಲಿ ನಡೆಯಿತು. ಮಗುವಿನ ಆಟದ ಸಾಮಾನನ್ನೆಲ್ಲ ಸರಿಸಿ, ಗೋಡೆಯ ಮುಂದೆ ಮೇಜು ಹಾಕಿಕೊಂಡು, ಸೂಟು ಹಾಕಿ ಕೂತೆ. ಪರದೆಯಲ್ಲಿ ಆರು ಚೌಕ. ಜಡ್ಜ್, ಸರ್ಕಾರದ ವಕೀಲೆ, ನನ್ನ ವಕೀಲರು, ಎಲ್ಲವನ್ನೂ ಬರೆದುಕೊಳ್ಳುವ ರಿಪೋರ್ಟರ್, ನಾನು, ನನ್ನ ಕಡೆಯ ಸಾಕ್ಷಿ. ಸರ್ಕಾರದ ದಾಖಲೆಗಳಿಗೆ ಅಂಕಿ, ನನ್ನ ದಾಖಲೆಗಳಿಗೆ ಅಕ್ಷರ. ಹನ್ನೊಂದು ಸಾಲಿನ ಆ ಹಾಳೆ ಅಲ್ಲೂ ಬಂತು, ಅದರ ನಂಬರ್ 4. ಹೊಸ ಮ್ಯಾನೇಜರ್ ನನ್ನ ಪರವಾಗಿ ಚೆನ್ನಾಗಿ ಮಾತಾಡಿದರು. ತರಬೇತಿಯ ಸರ್ಟಿಫಿಕೇಟುಗಳು, ಏಳು ಜನರ ಪತ್ರಗಳು ಹೋದವು.

ಸರ್ಕಾರದ ವಕೀಲೆ ಗದರಿಸಲಿಲ್ಲ. ನಿಧಾನವಾಗಿ ಕೇಳಿದರು. ಹೊಸಬರಿಗೆ ನೀವೇ ತರಬೇತಿ ಕೊಡುತ್ತಿದ್ದಿರಾ? ಹೌದು. ವಿನಾಯಿತಿ ಬೇಕು ಅಂತ ಯಾರನ್ನಾದರೂ ಕೇಳಿದ್ದಿರಾ? ಇಲ್ಲ. ಕೇಳಿದ್ದರೆ ಕೊಡುತ್ತಿದ್ದರಾ? ಇಲ್ಲ. ಅದಕ್ಕೇ ಕೇಳಲಿಲ್ಲವಾ? ಹೌದು. ಕಂಪನಿಯ ಒಳ್ಳೆಯದಕ್ಕೇ ಮಾಡಿದೆ ಅನ್ನುವ ನನ್ನ ಮಾತು ಈ ನಾಲ್ಕು ಪ್ರಶ್ನೆಗೆ ಉದುರಿತು.

ಜಡ್ಜ್ ಕೊನೆಗೆ ಕೇಳಿದರು: ಡ್ರೈವ್‌ನಿಂದ ಫೈಲುಗಳನ್ನು ಯಾವಾಗ ಅಳಿಸಿದಿರಿ?

ಆಗ ಎಲ್ಲ ಹೇಳಿದೆ. ಸ್ವೆಟರ್, ಜಿಪ್ ಚೀಲ, ಕೆಂಪು ದಾರ, ಮಾರನೆ ದಿನದ ವಿಮಾನ. ಹೇಳುವಾಗ ಗಂಟಲು ಕಟ್ಟಿತು. ಜಡ್ಜ್ ಬರೆಯುವುದನ್ನು ನಿಲ್ಲಿಸಿದ್ದರು.

"ಆ ರಾತ್ರಿ ಯಾರಿಗೆ ಹೇಳಿದಿರಿ?"

"ಯಾರಿಗೂ ಹೇಳಲಿಲ್ಲ."

"ಯಾಕೆ?"

ಪ್ರಯಾಣ ನಿಲ್ಲುತ್ತದೆ ಅಂತ ಹೆದರಿದೆ ಅಂದೆ. ಬೇರೆ ಕಾರಣ ಇರಲಿಲ್ಲ. ರಿಪೋರ್ಟರ್ ಅದನ್ನೂ ಟೈಪ್ ಮಾಡಿಕೊಂಡರು.

ಆಗಸ್ಟಿನಲ್ಲಿ ತೀರ್ಪು ಬಂತು. ಎಲ್ಲರೂ ಮೊದಲು ಕೊನೆಯ ಪುಟ ನೋಡುತ್ತಾರೆ, ನಾನೂ ನೋಡಿದೆ. ಅಲ್ಲಿ ಆರೋಪದ ಮುಂದೆ ಬರೀ ಎರಡು ಥರದ ಮಾತು ಇರುತ್ತದೆ. 1.ಎ, ಅರ್ಜಿದಾರನ ವಿರುದ್ಧ. 1.ಬಿ, ವಿರುದ್ಧ. 1.ಸಿ, ಅರ್ಜಿದಾರನ ಪರ. 2.ಎ, ವಿರುದ್ಧ. ಒಂದಾದರೂ ಪರವಾಗಿ ಬಂತಲ್ಲ ಅಂತ ಒಂದು ಕ್ಷಣ ಸಮಾಧಾನ ಆಯಿತು. ಕೆಳಗಿನ ಸಾಲು ಓದಿದೆ. ಈತನಿಗೆ ಕ್ಲಿಯರೆನ್ಸ್ ಕೊಡುವುದು ದೇಶದ ಹಿತಕ್ಕೆ ಸ್ಪಷ್ಟವಾಗಿ ಹೊಂದುವುದಿಲ್ಲ.

ಆಮೇಲೆ ನಡುವಿನ ಪುಟಗಳನ್ನು ಓದಿದೆ. ಪೆನ್‌ಡ್ರೈವ್ ಬಗ್ಗೆ ಜಡ್ಜ್ ಬರೆದಿದ್ದು ಒಂದೂವರೆ ಪುಟ. ನಾನು ಶ್ರಮಜೀವಿ, ಫೈಲು ಯಾರ ಕೈಗೂ ಹೋಗಿಲ್ಲ, ಎರಡೂವರೆ ವರ್ಷದಿಂದ ಮತ್ತೆ ಇಂಥದ್ದು ನಡೆದಿಲ್ಲ ಅಂತೆಲ್ಲ ಇತ್ತು. ಉಳಿದಿದ್ದೆಲ್ಲ ಎರಡು ದಿನಗಳ ಬಗ್ಗೆ. ಜನವರಿ 9 ಮತ್ತು ಡಿಸೆಂಬರ್ 13. ಡಿಸೆಂಬರಿನ ವಿಷಯವನ್ನು ಕೇಳಿದ ಕೂಡಲೇ ಮುಚ್ಚಿಡದೆ ಹೇಳಿದ್ದನ್ನು ಮೆಚ್ಚಿಕೊಂಡಿದ್ದರು. ಆದರೆ ಅಪಾಯ ಎಷ್ಟು ದೊಡ್ಡದು ಅಂತ ಪೂರ್ತಿ ಅರ್ಥವಾದ ಗಳಿಗೆಯಲ್ಲೂ ಈತ ಮೊದಲು ತನ್ನನ್ನು ಕಾಪಾಡಿಕೊಂಡ, ಮತ್ತೆ ಹಾಗೆ ಮಾಡುವುದಿಲ್ಲ ಅನ್ನಲು ಇನ್ನೂ ಕಾಲ ಬೇಕು ಅಂತ ಬರೆದಿದ್ದರು. ಓದಿ ಸಿಟ್ಟು ಬರಲಿಲ್ಲ. ನನ್ನನ್ನು ಒಂದೂವರೆ ಗಂಟೆ ವಿಡಿಯೋದಲ್ಲಿ ನೋಡಿದ ಮನುಷ್ಯ ನನ್ನ ಬಗ್ಗೆ ಸರಿಯಾಗೇ ಬರೆದಿದ್ದರು.

ಮೇಲ್ಮನವಿಗೆ 15 ದಿನದೊಳಗೆ ತಿಳಿಸಬೇಕು. ಅಲ್ಲಿ ಹೊಸ ಸಾಕ್ಷಿ ನಡೆಯುವುದಿಲ್ಲ, ಜಡ್ಜ್ ಏನಾದರೂ ತಪ್ಪು ಮಾಡಿದ್ದಾರಾ ಅಂತ ಅಷ್ಟೇ ನೋಡುತ್ತಾರೆ. ನನಗೆ ತಪ್ಪು ಕಾಣಲಿಲ್ಲ, ಹಾಕಲಿಲ್ಲ. ಹೊಸ ಕಂಪನಿಯಲ್ಲಿ ನನಗೆ ಕೊಡಲು ಬೇರೆ ಕೆಲಸ ಇರಲಿಲ್ಲ, ಅದೂ ಹೋಯಿತು. ನಾಲ್ಕು ತಿಂಗಳು ಖಾಲಿ ಕೂತೆ. ಹಂಟ್ಸ್‌ವಿಲ್‌ನಲ್ಲಿ ಕ್ಲಿಯರೆನ್ಸ್ ಇಲ್ಲದ ಎಂಜಿನಿಯರ್ ಅಂದರೆ ಬಾವಿ ಪಕ್ಕ ಹಗ್ಗ ಇಲ್ಲದೆ ನಿಂತ ಹಾಗೆ. ಯುಗಾದಿ ಊಟಕ್ಕೆ ಹೋದಾಗ ಪರಿಚಯದವರು ಒಬ್ಬಟ್ಟು ಬಡಿಸುತ್ತಾ "ಈಗ ಎಲ್ಲಿ ಕೆಲಸ?" ಅಂತ ಸಹಜವಾಗಿ ಕೇಳುತ್ತಿದ್ದರು. ಆಗೆಲ್ಲ ಪೆನ್‌ಡ್ರೈವ್ ಕಥೆ ಹೇಳುತ್ತಿದ್ದೆ. ಒಂದೇ ಸಲ ಅಂದಿದ್ದನ್ನು ಹೇಳುತ್ತಿರಲಿಲ್ಲ. ಈಗ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಡೆ ಇದ್ದೇನೆ. ಒಳ್ಳೆಯ ಕೆಲಸ, ಸಂಬಳ ಕಡಿಮೆ.

ಹುಡುಗರಿಗೆ ಹೇಳಬೇಕಾದ್ದು ಇಷ್ಟಿದೆ. ಅಪ್ಪ ಅಮ್ಮ ಊರಲ್ಲಿದ್ದಾರೆ, ತೋಟ ಇದೆ, ತಿಂಗಳಿಗೆ ದುಡ್ಡು ಕಳಿಸುತ್ತೇನೆ, ಇದನ್ನೆಲ್ಲ ಬರೆಯಲು ಹೆದರಬೇಡಿ. ಬರೆದಿದ್ದರಿಂದ ನನಗೇನೂ ಆಗಲಿಲ್ಲ. ಕಂಪ್ಯೂಟರಿನಲ್ಲಿ ಏನಾದರೂ ತಪ್ಪು ಮಾಡಿದ್ದರೆ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಅದೇ ದಿನ ಎಫ್‌ಎಸ್‌ಒ ಹತ್ತಿರ ಹೋಗಿ. ಮಧ್ಯರಾತ್ರಿಯಾದರೂ ಫೋನ್ ಮಾಡಿ. ಕಾಗದ ಬಂದ ಮೇಲೆ ವಕೀಲರನ್ನು ಹುಡುಕುವುದಕ್ಕಿಂತ ಫಾರಂ ತುಂಬುವ ಮುಂಚೆ ಒಬ್ಬರನ್ನು ಕೇಳಿ. ಎಷ್ಟು ಸಲ ಅಂತ ಯಾರಾದರೂ ಕೇಳಿದರೆ, ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ.

ತೀರ್ಪು ಬಂದು ಒಂದು ವರ್ಷ ಆದ ಮೇಲೆ ಮತ್ತೆ ಪ್ರಯತ್ನಿಸಬಹುದು, ಕಂಪನಿಯೊಂದು ಹೆಸರು ಕಳಿಸಲು ಒಪ್ಪಿದರೆ. 2024ರಲ್ಲಿ ಒಂದು ಸಣ್ಣ ಕಂಪನಿ ಒಪ್ಪಿತು. ಎಸ್‌ಎಫ್-86 ಮತ್ತೆ ಮುಂದೆ ಬಂತು. 25ನೇ ಭಾಗದಲ್ಲಿ ಹಿಂದೆ ಕ್ಲಿಯರೆನ್ಸ್ ಕಳೆದುಕೊಂಡಿದ್ದೀರಾ ಅನ್ನುವ ಪ್ರಶ್ನೆ. 27ನೇ ಭಾಗದಲ್ಲಿ ಕಳೆದ ಏಳು ವರ್ಷದಲ್ಲಿ ಕಂಪ್ಯೂಟರ್ ವ್ಯವಸ್ಥೆಯನ್ನು ಅಪ್ಪಣೆ ಇಲ್ಲದೆ ಬಳಸಿದ್ದೀರಾ ಅನ್ನುವ ಪ್ರಶ್ನೆ. ವಿವರಿಸಿ ಅಂತ ಒಂದು ಖಾಲಿ ಚೌಕ.

ರಾತ್ರಿ ಊಟ ಆದ ಮೇಲೆ ಕೂತೆ. ಸೆಪ್ಟೆಂಬರ್ 15ರಿಂದ ಡಿಸೆಂಬರ್ 8ರ ತನಕ ಹನ್ನೊಂದೂ ತಾರೀಖುಗಳನ್ನು ಒಂದೊಂದಾಗಿ ಟೈಪ್ ಮಾಡಿದೆ. ಆಮೇಲೆ ಯಾರೂ ಕೇಳದಿದ್ದ ಡಿಸೆಂಬರ್ 13ನ್ನೂ ಬರೆದೆ. ಹೆಂಡತಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಮೇಲಿಂದ ಕೆಳಗಿನ ತನಕ ಓದಿದಳು. "ಸ್ವೆಟರ್ ಒಳಗೆ ಇಟ್ಟಿದ್ದು ನಾನು, ಅದನ್ನೂ ಬರೀರಿ" ಅಂದಳು. ಬರೆದೆ. ಈಗ ಉತ್ತರಕ್ಕೆ ಕಾಯುತ್ತಿದ್ದೇವೆ.